ಪುಟಕ್ಕೆ ಇಷ್ಟು ಎಂದವನು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಬರವಣಿಗೆಯನ್ನೇ ನಂಬಿ ಬದುಕುತ್ತಿರುವ ಸಂಘದ ಬಂಧುಗಳೇ, ಹಿಂದಿನ ಸಾಲಿನಲ್ಲಿ ಆಗಲೇ ಗಡಿಯಾರ ನೋಡುತ್ತಿರುವ ಸಭಿಕರೇ,

ಬೇರೆಯವರ ಸಂದರ್ಭಕ್ಕೆ ಬರೆದುಕೊಡುವ ನಮ್ಮಂಥವರ ಈ ಸಂಘ ಈ ವರ್ಷದ ಸನ್ಮಾನವನ್ನು ನನಗೆ ಕೊಟ್ಟಿದೆ. 'ಮೂವತ್ತೆರಡು ವರ್ಷ ಊರಿನ ಸುಖದುಃಖಗಳಿಗೆ ಮಾತು ಕೊಟ್ಟ ಲೇಖನಿ' ಎಂದರು ಅಧ್ಯಕ್ಷರು. ಕೇಳಲು ಚೆನ್ನಾಗಿತ್ತು. ನನಗೆ ಕೊಟ್ಟ ವಿಷಯ, 'ಬರಹಕ್ಕೆ ಬೆಲೆ ಕಟ್ಟುವುದು ಹೇಗೆ'. ಹೊಸಬರಿಗೆ ಇದೇ ದೊಡ್ಡ ಕಷ್ಟ. ಬರೆಯಲು ಬರುತ್ತದೆ, ದರ ಹೇಳುವಾಗ ಬೆವರು ಬರುತ್ತದೆ. ಹೌದೋ ಅಲ್ಲವೋ?

ನಮ್ಮ ಅಂಗಡಿ ಒಂದು ಅಚ್ಚುಕೂಟದ ಮೇಲಿನ ಕೋಣೆ. ಕೆಳಗೆ ಯಂತ್ರ ಶುರುವಾದರೆ ಮೇಲೆ ಮೇಜಿನ ಮೇಲಿದ್ದ ಲೋಟ ತಾನಾಗಿಯೇ ಅಂಚಿಗೆ ನಡೆದು ಬರುತ್ತಿತ್ತು. ಮುಂದೆ ನನ್ನ ಕುರ್ಚಿ, ಪ್ಲೈವುಡ್ ತಡಿಕೆಯ ಹಿಂದೆ ಅಕ್ಕನ ಮೇಜು. ಅವಳು ಪಾಠ ಹೇಳುತ್ತಿದ್ದ ಶಾಲೆ ಮುಚ್ಚಿತ್ತು, ನನಗೆ ಯಾವ ಕೆಲಸವೂ ಒಗ್ಗಿರಲಿಲ್ಲ. ನಿವೃತ್ತಿಯ ಬೀಳ್ಕೊಡುಗೆ ಮಾತು, ಮದುವೆಯ ಹಾರೈಕೆ ಪದ್ಯ, ಮುನಿಸಿಕೊಂಡ ಹೆಂಡತಿಗೆ ಪತ್ರ, ಎಲ್ಲವನ್ನೂ ಬರೆದುಕೊಡುತ್ತಿದ್ದೆವು. ಬರೆದುಕೊಡುತ್ತಿದ್ದೆವು ಎಂದೆನೇ? ಇರಲಿ, ಅಂಗಡಿ ಇಬ್ಬರದೂ.

ಅಕ್ಕನಿಗೆ ಬೆಲೆ ಹೇಳಲು ನಾಲಿಗೆಯೇ ಏಳುತ್ತಿರಲಿಲ್ಲ. ಮೊದಲ ಗಿರಾಕಿ "ಎಷ್ಟಾಯ್ತಮ್ಮ?" ಎಂದಾಗ, "ನಿಮಗೆ ಹಿಡಿಸ್ತಲ್ಲ, ಸಾಕು" ಎಂದಳು. ಅವನು ಅದನ್ನು ನಿಜವೆಂದೇ ನಂಬಿ ಮೆಟ್ಟಿಲಿಳಿದು ಹೋಗಿಬಿಟ್ಟ. ಅಂದಿನಿಂದ ದರ ಹೇಳುವ ಕೆಲಸ ನನ್ನದಾಯಿತು. ಪುಟಕ್ಕೆ ಇಷ್ಟು, ಪ್ರಾಸ ಬೇಕಿದ್ದರೆ ಇನ್ನಿಷ್ಟು, ನಾಳೆಯೇ ಬೇಕೆಂದರೆ ದುಪ್ಪಟ್ಟು. ಗಿರಾಕಿಯ ಚಪ್ಪಲಿ ನೋಡಿ ದರ ಹೇಳುವುದರಲ್ಲಿ ನಾನು ಪಳಗಿಬಿಟ್ಟೆ.

ಎಂಥ ದಿನಗಳು ಅವು! ಮಸಿಯ ವಾಸನೆ, ಕಿಟಕಿಯ ಹತ್ತಿರ ಒಣಗಲು ಹಾಕಿದ ಆಹ್ವಾನ ಪತ್ರಿಕೆಗಳು, ಅಕ್ಕನ ಪೆನ್ಸಿಲ್ಲಿನ ಸರಸರ. ಬರೆದದ್ದನ್ನು ಅವಳು ಮೊದಲು ನನಗೇ ಓದಿ ಹೇಳುತ್ತಿದ್ದಳು. ನನ್ನ ಕಣ್ಣು ಒದ್ದೆಯಾದರೆ, "ಹ್ಞೂಂ, ಇನ್ನು ಕೊಡಬಹುದು" ಎನ್ನುತ್ತಿದ್ದಳು. ನನ್ನ ಸಾಹಿತ್ಯ ಸೇವೆ ಅಷ್ಟೇ.

ಒಂದು ದಿನ ಒಬ್ಬ ದರ್ಜಿ ಬಂದ. ಆರು ವರ್ಷದಿಂದ ಮಾತು ಬಿಟ್ಟಿದ್ದ ಮಗಳಿಗೆ ಕಳಿಸಲು ಅವನಿಗೊಂದು ಪತ್ರ ಬೇಕಿತ್ತು. ಪಾಪ ಎನಿಸಿ ಐವತ್ತು ಎಂದೆ. ತಡಿಕೆಯ ಹಿಂದಿನಿಂದ ಅಕ್ಕ ಎದ್ದು ಬಂದಳು. ಅವನನ್ನು ಒಳಗೆ ಕೂರಿಸಿಕೊಂಡು ಇಡೀ ಮಧ್ಯಾಹ್ನ ಕೇಳಿಸಿಕೊಂಡಳು. ಮಗಳು ತಾನು ಮೆಚ್ಚಿದವನನ್ನು ಮದುವೆಯಾಗುತ್ತೇನೆ ಎಂದಾಗ, ಅವಳಿಗೆಂದು ತಾನೇ ಹೊಲಿದಿಟ್ಟಿದ್ದ ಉಡುಪನ್ನು ಅವಳೆದುರೇ ಕತ್ತರಿಸಿ ಎಸೆದಿದ್ದನಂತೆ. ಪತ್ರ ಆಗಿದ್ದು ಒಂದೇ ಪುಟ. ಅಕ್ಕ, ಬೆಲೆ ಹೇಳಲು ಬಾರದ ನನ್ನ ಅಕ್ಕ, "ಐನೂರು. ಚೌಕಾಸಿ ಬೇಡಿ" ಎಂದಳು.

ಅವನು ಕೊಟ್ಟು ಹೋದ ಮೇಲೆ ನಾನು ರೇಗಿದೆ. ಅಕ್ಕ ಹೇಳಿದಳು: "ಅಗ್ಗಕ್ಕೆ ಕೊಟ್ರೆ ಪೆಟ್ಟಿಗೇಲಿಟ್ಕೊಂಡು ದಿನಾ ಓದಿ ಅಳ್ತಾನೆ ಕಣೋ. ಇಷ್ಟು ಕೊಟ್ಮೇಲೆ ಅಂಚೆಗೆ ಹಾಕೇ ಹಾಕ್ತಾನೆ."

ಹಾಕಿದ. ತಿಂಗಳೊಪ್ಪತ್ತಿನಲ್ಲಿ ಮಗಳನ್ನೇ ಕರೆದುಕೊಂಡು ಮೆಟ್ಟಿಲು ಹತ್ತಿ ಬಂದ. ಬಂದವನು ನನ್ನ ಎರಡೂ ಕೈ ಹಿಡಿದುಕೊಂಡ. ಫಲಕದ ಮೇಲಿದ್ದದ್ದು ನನ್ನ ಹೆಸರು ತಾನೇ? ಅಕ್ಕನನ್ನು ಅವನು ಟಿಪ್ಪಣಿ ಬರೆದುಕೊಳ್ಳುವ ಗುಮಾಸ್ತೆ ಎಂದುಕೊಂಡಿದ್ದ. "ಆವತ್ತಿಂದ ನನ್ನ ಹೊಲಿಗೆ ನೆಟ್ಟಗೆ ಬಂದಿಲ್ಲ ಮಗಳೇ ಅಂತ ಬರೆದಿದ್ರಲ್ಲ ಸಾರ್, ಆ ಒಂದು ಸಾಲಿಗೇ ಬಂದ್ಲು ಇವಳು" ಎಂದ.

ನಾನು ಏನೆಂದೆ ಗೊತ್ತೇ? "ಅದು ನನ್ನ ಕೆಲಸ" ಎಂದೆ.

ತಡಿಕೆಯ ಪಕ್ಕ ಕಾಗದ ಜೋಡಿಸುತ್ತಿದ್ದ ಅಕ್ಕನ ಕೈ ನಿಂತಿತು. ಅವರು ಹೋದ ಮೇಲೆ ಕೇಳಿದಳು: "ಅದಕ್ಕೆ ಎಷ್ಟು ತಗೊಂಡೆ?"

"ಯಾವುದಕ್ಕೆ?"

"ನಾನು ಇಲ್ಲವೇ ಇಲ್ಲ ಅನ್ನೋ ಹಾಗೆ ಮಾಡಿದ್ದಕ್ಕೆ."

ವ್ಯಾಪಾರದಲ್ಲಿ ಇದೆಲ್ಲ ಇದ್ದದ್ದೇ ಎಂದು ನಕ್ಕುಬಿಟ್ಟೆ. ಅವಳು ಮತ್ತೆ ಕೇಳಲಿಲ್ಲ. ಮರುದಿನ ಎಂದಿನಂತೆ ಬಂದು ಪೆನ್ಸಿಲ್ ಚೂಪು ಮಾಡಿಕೊಂಡಳು. ಆಮೇಲೆ ಇಪ್ಪತ್ತೊಂಬತ್ತು ವರ್ಷ ಚೂಪು ಮಾಡಿಕೊಂಡಳು. ಓದಿ ಹೇಳುವುದನ್ನು ಮಾತ್ರ ನಿಲ್ಲಿಸಿದಳು. ಬರೆದದ್ದನ್ನು ಲಕೋಟೆಗೆ ಹಾಕಿ, ಅಂಟಿಸಿಯೇ ನನ್ನ ಕೈಗೆ ಕೊಡುತ್ತಿದ್ದಳು.

ಕಳೆದ ವಾರ ಈ ಭಾಷಣವನ್ನೂ ಬರೆದುಕೊಡು ಎಂದು ಅವಳ ಮುಂದೆ ಕುಳಿತೆ. "ಇದಕ್ಕೆ ನನ್ನ ಹತ್ರ ರೇಟಿಲ್ಲ. ನೀನೇ ಏನಾದ್ರೂ ಮಾತಾಡು" ಎಂದಳು. ಹಾಗಾಗಿ ನೀವು ಈಗ ಕೇಳುತ್ತಿರುವುದು ನನ್ನ ಮೊದಲ ಬರಹ. ಡೊಂಕು ಕಂಡರೆ ಕ್ಷಮಿಸಿ.

ಹೊಸಬರೇ, ನನ್ನನ್ನು ದರ ಕೇಳಿ ಪ್ರಯೋಜನವಿಲ್ಲ. ಅಧ್ಯಕ್ಷರು ಹೊಗಳಿದ ಒಂದು ಸಾಲೂ ನನ್ನದಲ್ಲ. ಬರೆದವಳು ನನ್ನ ಅಕ್ಕ. ನಾಲ್ಕನೇ ಸಾಲಿನಲ್ಲಿ, ಕಂಬದ ಪಕ್ಕ ಕನ್ನಡಕ ಒರೆಸುತ್ತ ಕೂತಿದ್ದಾಳೆ. ಈ ಸನ್ಮಾನವನ್ನು ಅವಳೇ ಬಂದು ತೆಗೆದುಕೊಳ್ಳಬೇಕು. ವೇದಿಕೆಗೆ ಬರುತ್ತೀಯಾ ಎಂದು ಮನೆಯಲ್ಲಿ ಕೇಳಲು ನನಗೆ ಧೈರ್ಯವಾಗಲಿಲ್ಲ. ಅಕ್ಕಾ, ಈಗ ಇಷ್ಟು ಜನರ ಮುಂದೆ ಕೇಳುತ್ತಿದ್ದೇನೆ.

ಎದ್ದಳು. ಬಾಗಿಲಿನ ಕಡೆಗಲ್ಲ, ಈ ಕಡೆಗೇ ಬರುತ್ತಿದ್ದಾಳೆ. ಆ ಸಾಲಿನವರು ಸ್ವಲ್ಪ ಕಾಲು ಮಡಚಿಕೊಳ್ಳಿ, ಅವಳಿಗೆ ಮಂಡಿ ನೋವಿದೆ.

ಇಷ್ಟು ಹೊತ್ತು ಸಹಿಸಿಕೊಂಡಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಮೈಕು ಅವಳ ಕೈಗೆ ಕೊಟ್ಟು ಇಳಿಯುತ್ತಿದ್ದೇನೆ. ನಮಸ್ಕಾರ.