ಪರಾತದಲ್ಲಿ ಇಟ್ಟ ಎಡಗಾಲು

ಹಿಂದೆ ಕೂತವರಿಗೆ ಕೇಳಿಸುತ್ತಿದೆಯೇ? ಹಾಂ. ಹಾಗಾದರೆ ಎಲ್ಲರೂ ಒಮ್ಮೆ ನಿಮ್ಮ ನಿಮ್ಮ ಕಾಲು ನೋಡಿಕೊಳ್ಳಿ. ನಗಬೇಡಿ, ನೋಡಿ! ಬೆಳಗ್ಗೆಯಿಂದ ಕನ್ನಡಿಯಲ್ಲಿ ಮುಖ ಎಷ್ಟು ಸಲ ನೋಡಿಕೊಂಡಿರಿ? ಕಾಲು ಎಷ್ಟು ಸಲ? ಚಪ್ಪಲಿ ಕಳೆದಾಗ ಮಾತ್ರ ನಮಗೆ ಕಾಲಿನ ನೆನಪು. ಇವತ್ತಿನ ಕಥೆ ಕಾಲಿನದೇ, ಅದಕ್ಕೆ ಹೇಳಿದೆ.

ಕಾಲುವೆ ನೀರು ಬಂದು ಭತ್ತ ಬೆಳೆಯುವ ಒಂದು ಊರು. ಆ ಊರಿಗೆಲ್ಲ ದೊಡ್ಡವನೆನಿಸಿಕೊಂಡ ಒಬ್ಬ ಸಾಹುಕಾರ. ಹೆಸರು ಕೇಳಬೇಡಿ. ಹೇಳಿದರೆ ಕಥೆ ಬಿಟ್ಟು ಅವನ ಮನೆ ಹುಡುಕಲು ಹೊರಡುತ್ತೀರಿ, ನಿಮ್ಮನ್ನು ನಾನು ಬಲ್ಲೆ. ಅವನಿಗೆ ಗದ್ದೆ ಇತ್ತು, ಅಕ್ಕಿ ಮಿಲ್ಲಿತ್ತು, ಅದಕ್ಕಿಂತ ದೊಡ್ಡದಾಗಿ ಗುರುಭಕ್ತಿ ಇತ್ತು. ಶ್ರಾವಣದ ಪ್ರತಿ ಸೋಮವಾರ ಗುರುವನ್ನು ಮನೆಗೆ ಕರೆಸಿ ಪಾದಪೂಜೆ ಮಾಡುತ್ತಿದ್ದ. ಅವನು ತೊಳೆಯುವುದನ್ನು ನೀವು ನೋಡಬೇಕಿತ್ತು! ಅಗಲವಾದ ಹಿತ್ತಾಳೆಯ ಪರಾತದಲ್ಲಿ ಗುರುವಿನ ಪಾದ ಇಡಿಸಿ, ಉಗುರುಬೆಚ್ಚಗಿನ ನೀರು ಹಾಕಿ, ಹಿಮ್ಮಡಿ ತಿಕ್ಕಿ, ಒಂದೊಂದು ಬೆರಳಿನ ಸಂದಿಯಲ್ಲೂ ಕೈಯಾಡಿಸಿ, ಕೊನೆಗೆ ಮಡಿಬಟ್ಟೆಯಿಂದ ಒಂದು ಹನಿಯೂ ಉಳಿಯದಂತೆ ಒರೆಸುತ್ತಿದ್ದ. ಹದಿನಾಲ್ಕು ವರ್ಷ ಒಂದು ಸೋಮವಾರವೂ ತಪ್ಪಲಿಲ್ಲ.

ಮತ್ತೆ ಅವನ ಸ್ವಂತ ಕಾಲು?

ಪೂಜೆ ಶುರುವಾದ ವರ್ಷದಿಂದಲೇ ಎಡಗಾಲು ಬಾತುಕೊಂಡಿತ್ತು. ಮೊದಲು ಪಾದ, ಆಮೇಲೆ ಮೀನಖಂಡ, ಆಮೇಲೆ ಮೊಣಕಾಲಿನವರೆಗೆ. ಅವನ ಲೆಕ್ಕಾಚಾರ ಕೇಳಿ: ಕಾಲಿನಲ್ಲಿ ನೀರು ತುಂಬಿದೆ, ಇನ್ನಷ್ಟು ನೀರು ತಾಗಿಸಿದರೆ ಇನ್ನಷ್ಟು ಬಾತುಕೊಳ್ಳುತ್ತದೆ! ಅದಕ್ಕೆ ಸ್ನಾನದ ಮನೆಯಲ್ಲಿ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿಟ್ಟು, ಹನಿ ಸಿಡಿಯದಂತೆ ಗೋಣಿಚೀಲ ಹೊದಿಸಿ, ಉಳಿದ ಮೈಗೆ ಮಾತ್ರ ನೀರು ಹಾಕಿಕೊಳ್ಳುತ್ತಿದ್ದ. ನಗು ಬಂತೇ? ನಗಿ. ಆದರೆ ಬೆರಳ ಸಂದಿ ಬಿರಿದು ಕೀವು ಒಸರುತ್ತಿತ್ತು, ಅದು ನಗುವ ಮಾತಲ್ಲ. ವಾಸನೆ ಬಾರದಿರಲೆಂದು ಅತ್ತರು ಹಚ್ಚುತ್ತಿದ್ದ, ಹೊರಗಿನವರಿಗೆ ಕಾಣದಿರಲೆಂದು ನೆಲ ಗುಡಿಸುವಷ್ಟು ಉದ್ದದ ಧೋತ್ರ ಉಡುತ್ತಿದ್ದ.

ಆಗಾಗ ನಡುಗಿಸುವ ಜ್ವರ. ಕಾಲು ಕೆಂಪಗೆ ಕಾದು, ತೊಡೆಯ ಸಂದಿಯಲ್ಲಿ ಗಂಟು ಬಾತು, ನಾಲ್ಕೈದು ದಿನ ಮಲಗಿಬಿಡುತ್ತಿದ್ದ. ಮನೆಯವರು ಅದಕ್ಕೆ ಅಮಾಸಿ ಜ್ವರ ಅಂತ ಹೆಸರಿಟ್ಟು ಕಾಲಿಗೆ ಕರಿದಾರ ಕಟ್ಟಿದರು. ನೋಡಿ, ಒಂದೇ ವರ್ಷದಲ್ಲಿ ಜ್ವರ ಎರಡು ಸಲ ಅಮಾವಾಸ್ಯೆಗೆ ಬಂತು, ನಾಲ್ಕು ಸಲ ಬೇರೆ ದಿನ ಬಂತು. ನಾಲ್ಕನ್ನು ಮರೆತರು, ಎರಡನ್ನು ನೆನಪಿಟ್ಟರು. ನಾವೂ ಹೀಗೇ ಅಲ್ಲವೇ? ಒಪ್ಪಿಕೊಳ್ಳಿ! ಜ್ವರ ಬಂದು ಹೋದಾಗಲೆಲ್ಲ ಕಾಲು ಇನ್ನೊಂದು ಸುತ್ತು ದಪ್ಪವಾಗುತ್ತಿತ್ತು. ಕರಿದಾರ ಬಿಚ್ಚಿ ಉದ್ದನೆಯದು ಕಟ್ಟಿದರೇ ಹೊರತು ಡಾಕ್ಟರಿಗೆ ತೋರಿಸಲಿಲ್ಲ.

ಆನೆಕಾಲು ರೋಗದ ಮಾತ್ರೆಯನ್ನು ನರ್ಸು ವರ್ಷಕ್ಕೊಮ್ಮೆ ಮನೆಬಾಗಿಲಿಗೇ ತರುತ್ತಿದ್ದಳು. ಸಾಹುಕಾರ ಎರಡೂ ಕೈಯಲ್ಲಿ ಭಕ್ತಿಯಿಂದ ಇಸಿದುಕೊಂಡು, "ಉಂಡ ಮ್ಯಾಲ ತಗೋತೀನವ್ವ" ಅನ್ನುತ್ತಿದ್ದ. ಆಮೇಲೆ? ದೇವರ ಜಗಲಿಯ ಮೇಲೆ, ವಿಭೂತಿ ಡಬ್ಬಿಯೊಳಗೆ ಇಟ್ಟುಬಿಡುತ್ತಿದ್ದ. ದೇವರೇನು ಇವನ ಪರವಾಗಿ ನುಂಗುತ್ತಾನೆಯೇ?

ಆ ವರ್ಷ ಶ್ರಾವಣದ ಮೂರನೆಯ ಸೋಮವಾರ. ಮನೆ ತುಂಬ ಜನ. ಸಾಹುಕಾರನಿಗೆ ಬೆಳಗ್ಗೆಯಿಂದ ಜ್ವರ, ಆದರೂ ಪೂಜೆ ಬಿಡಲಾರ. ತಂಬಿಗೆ ಹಿಡಿದು ಬಗ್ಗಿದ, ಮೊಣಕಾಲು ಮಡಚಲು ಬರಲಿಲ್ಲ, ಪರಾತದ ಮೇಲೇ ಬಿದ್ದ. ಧೋತ್ರ ಸರಿಯಿತು. ಹದಿನಾಲ್ಕು ವರ್ಷ ಮುಚ್ಚಿಟ್ಟ ಕಾಲು ಎಲ್ಲರ ಕಣ್ಣಿಗೆ ಬಿತ್ತು. ಜನ ಹಿಂದೆ ಸರಿದರು. ಯಾರೋ ಮೂಗು ಮುಚ್ಚಿಕೊಂಡರು. "ಯಾವ ಜಲ್ಮದ ಪಾಪನೋ ಏನೋ" ಅಂತ ಒಬ್ಬಳು ಅಂದೇಬಿಟ್ಟಳು.

ಗುರು ಏನು ಮಾಡಿದ? ಹೇಳಿ ನೋಡೋಣ. ಕೈ ಕೊಟ್ಟು ಎಬ್ಬಿಸಿದನೇ? ಇಲ್ಲ. ತನ್ನ ಪಾದವನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡ! ಹದಿನಾಲ್ಕು ವರ್ಷ ಯಾರ ಕೈಯಲ್ಲಿ ಕಾಲು ತೊಳೆಸಿಕೊಂಡನೋ ಅವನ ಕಾಲು ಕಂಡು ಹೇಸಿದ. ಅಂಥ ಗುರು ಎಲ್ಲಿದ್ದಾನೆ ಅಂತ ಸಿಟ್ಟು ಬರುತ್ತಿದೆಯೇ? ಬರಲಿ. ಇಲ್ಲೇ ಇದ್ದಾನೆ, ಮೈಕಿನ ಮುಂದೆ ಕೂತಿದ್ದಾನೆ. ಆ ಗುರು ನಾನೇ. ನನಗೆ ಇವತ್ತಿಗೂ ಆ ನಾಚಿಕೆ ಹೋಗಿಲ್ಲ, ಹೋಗುವುದೂ ಬೇಡ.

ಹಿಂದೆ ಸರಿಯದವಳು ಒಬ್ಬಳೇ. ಪೂಜೆ ನೋಡಲು ಬಂದಿದ್ದ, ಆ ಮಾತ್ರೆ ತರುತ್ತಿದ್ದ ನರ್ಸು ಜಗದೇವಿ. ಜನರನ್ನು ಪಕ್ಕಕ್ಕೆ ತಳ್ಳಿ ಬಂದು ಅವನನ್ನು ಎಬ್ಬಿಸಿ ಗಾಡಿ ತರಿಸಿ ಆಸ್ಪತ್ರೆಗೆ ಸಾಗಿಸಿದಳು. ಡಾಕ್ಟರು ಪರೀಕ್ಷೆ ಮಾಡಿ ಆನೆಕಾಲು ರೋಗವೇ ಅಂದರು, ಔಷಧಿ ಕೊಟ್ಟರು. ವಾರದಲ್ಲಿ ಜ್ವರ ಇಳಿಯಿತು. ಆದರೆ ಸಾಹುಕಾರ ಮನೆಗೆ ಬಂದವನೇ ಕೋಣೆ ಸೇರಿ ಅಗಳಿ ಹಾಕಿಕೊಂಡ. "ಅಪ್ಪಾವ್ರು ಪಾದ ಹಿಂದ ತಗೊಂಡ್ರು. ಇನ್ನ ನಾ ಹೊರಗ ಬಂದೇನು ಮಾಡ್ಲಿ?" ಅಂದನಂತೆ. ಸುದ್ದಿ ಕೇಳಿ ನಾನು ಓಡಿದೆ. ನಾನು ಹೋಗುವಷ್ಟರಲ್ಲಿ ಜಗದೇವಿ ಬಾಗಿಲು ತೆಗೆಸಿ, ಅದೇ ಹಿತ್ತಾಳೆ ಪರಾತದಲ್ಲಿ ಅವನ ಎಡಗಾಲು ಇಡಿಸಿದ್ದಳು!

ಅವನ ಹೆಂಡತಿ ಹೌಹಾರಿದಳು. "ಅಯ್ಯ ಯವ್ವಾ, ಅದು ಅಪ್ಪಾವ್ರ ಪಾದದ ಪರಾತ!"

"ಕಾಲಂದ್ರ ಕಾಲೇ ರೀ ಅಕ್ಕಾ. ಸಾಬಾಣ ತರ್ರಿ," ಅಂದಳು ಜಗದೇವಿ. ಆಮೇಲೆ ಸಾಹುಕಾರನ ಕಡೆ ತಿರುಗಿ, "ಸಾವ್ಕಾರ್ರ, ನಿಮ್ಮ ಗದ್ದ್ಯಾಗ ಬಸಿಗಾಲುವಿ ಮುಚ್ಚಿದ್ರ ಏನಾಗ್ತದ್ರಿ?"

"ಜವಳ ಆಗ್ತದವ್ವ. ನೀರು ನಿಂತು ಬೆಳಿ ಕೊಳಿತದ."

"ನಿಮ್ಮ ಕಾಲಾಗ ಆಗಿದ್ದೂ ಅದೇ ರೀ. ಸೊಳ್ಳಿ ಕಡ್ದು ದಾರದಂಥ ಹುಳ ಒಳಗ ಹೊಕ್ಕು ಬಸಿಗಾಲುವಿ ಕೆಡಸ್ಯಾವ. ಇದ್ರಾಗ ಪಾಪ ಎಲ್ಲಿ ಬಂತ್ರಿ?"

ಎಂಥ ಮಾತು! ಅವತ್ತು ನನ್ನ ಕಣ್ಣು ತೆರೆಯಿತು. ಆಮೇಲೆ ಡಾಕ್ಟರನ್ನು ಹಿಡಿದು ಕೂರಿಸಿಕೊಂಡು ಎಲ್ಲ ಕೇಳಿದೆ. ಕೇಳಿ, ನಿಮ್ಮ ಮೈಯೊಳಗಿನ ಅದ್ಭುತ ಕೇಳಿ! ರಕ್ತನಾಳಗಳಿಂದ ಹಗಲಿರುಳು ನೀರು ಜಿನುಗುತ್ತದೆ, ಮಾಂಸಕ್ಕೆಲ್ಲ ಊಟ ಕೊಡುತ್ತದೆ. ಹೆಚ್ಚಿನದು ರಕ್ತಕ್ಕೆ ಮರಳುತ್ತದೆ, ಸ್ವಲ್ಪ ಹಿಂದೆ ಉಳಿಯುತ್ತದೆ. ಆ ಉಳಿದ ನೀರೇ ದುಗ್ಧರಸ. ಅದನ್ನು ಬಸಿದು ಒಯ್ಯಲು ಮೈತುಂಬ ಕೂದಲೆಳೆಯಂಥ ನಾಳಗಳಿವೆ. ಪಾದದಿಂದ ಹೊರಟ ಆ ನೀರು ತೊಡೆಯ ಸಂದಿ ದಾಟಿ, ಕುತ್ತಿಗೆಯ ಬುಡದಲ್ಲಿ ಮತ್ತೆ ರಕ್ತ ಸೇರುತ್ತದೆ. ದಾರಿಯಲ್ಲಿ ತೊಡೆಸಂದಿ, ಕಂಕುಳು, ಕುತ್ತಿಗೆಯಲ್ಲಿ ಗ್ರಂಥಿಗಳ ಕಾವಲು. ರೋಗದ ಕ್ರಿಮಿ ಬಂದರೆ ಅಲ್ಲೇ ತಡೆದು ಕಾದಾಡುತ್ತವೆ. ಗಂಟು ಬಾತಿದೆ ಅಂದರೆ ಒಳಗೆ ನಿಮಗಾಗಿ ಯಾರೋ ಹೊಡೆದಾಡುತ್ತಿದ್ದಾರೆ ಅಂತ ಅರ್ಥ! ಇನ್ನೂ ಕೇಳಿ. ರಕ್ತವನ್ನು ತಳ್ಳಲು ಹೃದಯ ಇದೆ. ಈ ನೀರಿಗೆ ಅಂಥ ಹೃದಯ ಇಲ್ಲ! ನಾಳಗಳು ತಾವೇ ಅಷ್ಟಿಷ್ಟು ಹಿಂಡುತ್ತವೆ. ಉಳಿದದ್ದು ಯಾರ ಕೆಲಸ? ನೀವು ನಡೆದರೆ ಅದು ನಡೆಯುತ್ತದೆ, ನೀವು ಉಸಿರೆಳೆದರೆ ಅದು ಮೇಲೇರುತ್ತದೆ. ಹಿಂದಕ್ಕೆ ಜಾರದಂತೆ ನಡುನಡುವೆ ಪುಟ್ಟ ಬಾಗಿಲುಗಳಿವೆ. ಸಾಹುಕಾರನ ಕಾಲಿನಲ್ಲಿ ಹುಳಗಳು ಆ ಬಾಗಿಲುಗಳನ್ನೇ ಹಾಳು ಮಾಡಿದ್ದವು. ನೀರು ನಿಂತಿತು. ಬಿರಿದ ಬೆರಳ ಸಂದಿಯಿಂದ ಕ್ರಿಮಿ ನುಗ್ಗಿತು. ಅದೇ ಆ ಅಮಾಸಿ ಜ್ವರ!

ಜಗದೇವಿ ತೊಳೆಯುವುದನ್ನು ನೋಡುತ್ತಾ ಸಾಹುಕಾರ ಮೆಲ್ಲಗೆ ಅಂದ, "ಅಪ್ಪಾವ್ರ ಪಾದ ನಾ ಹಿಂಗೇ ತೊಳಿತಿದ್ದೆ."

"ಹೌದಲ್ರಿ, ಬರ್ತದಲ್ಲ ನಿಮಗ! ನಾಳಿಂದ ನಿಮ್ಮದು ನೀವೇ ತೊಳ್ಕೊರಿ."

ಅಂದಿನಿಂದ ಅವನು ದಿನಾ ಸಾಬೂನಿನಿಂದ ತೊಳೆದು, ಬೆರಳ ಸಂದಿ ಒಣಗುವಂತೆ ಒರೆಸಿ, ಮುಲಾಮು ಹಚ್ಚಿ, ಕೂತಾಗ ಕಾಲನ್ನು ಎತ್ತರಕ್ಕಿಟ್ಟು ಪಾದ ತಿರುಗಿಸುತ್ತಾನೆ. ಕಾಲು ಮೊದಲಿನಂತಾಯಿತೇ? ಇಲ್ಲ, ಸುಳ್ಳು ಹೇಳಲಾರೆ. ಹದಿನಾಲ್ಕು ವರ್ಷದ ಬಾವು ಪೂರ್ತಿ ಇಳಿಯಲಿಲ್ಲ. ಆದರೆ ಎರಡು ವರ್ಷದಲ್ಲಿ ಜ್ವರ ಒಂದೇ ಸಲ ಬಂತು. ವಾಸನೆ ಹೋಯಿತು. ಇವತ್ತು ಅವನು ಮಠಕ್ಕೆ ನಡೆದೇ ಬರುತ್ತಾನೆ.

ಈಗ ನಿಮ್ಮ ಸರದಿ. ಪಾದಪೂಜೆ ಮಾಡಬೇಕೆಂದು ತಂಬಿಗೆ ಹಿಡಿದು ಸಾಲಾಗಿ ಕೂತಿದ್ದೀರಿ. ಇವತ್ತು ಪೂಜೆ ಇಲ್ಲ. ನನ್ನ ಕಾಲು ನಾನೇ ತೊಳೆದುಕೊಂಡು ಬಂದಿದ್ದೇನೆ. ಆ ತಂಬಿಗೆಯನ್ನು ಮನೆಗೆ ಒಯ್ಯಿರಿ. ನಿಮ್ಮ ಮನೆಯಲ್ಲೂ ಒಬ್ಬರು ಸೀರೆಯ ನೆರಿಗೆ ಇಳಿಬಿಟ್ಟು, ಲುಂಗಿ ಇಳಿಬಿಟ್ಟು ಕಾಲು ಮುಚ್ಚಿಕೊಂಡಿರಬಹುದು. ಯಾವ ಪಾಪ ಅಂತ ಕೇಳಬೇಡಿ, ಎಷ್ಟು ದಿನದಿಂದ ಅಂತ ಕೇಳಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆ ಮುಂದಿನ ಗಟಾರದ ನೀರು ಹರಿಯಲು ಬಿಡಿ, ಸೊಳ್ಳೆ ಹುಟ್ಟುವುದು ನಿಂತ ನೀರಲ್ಲೇ. ಮಲಗುವಾಗ ಪರದೆ ಕಟ್ಟಿ. ಗಂಟೆಗಟ್ಟಲೆ ಕೂರುವವರೇ, ಎದ್ದು ನಡೆಯಿರಿ!

ಬಾಗಿಲ ಬಳಿ ಜಗದೇವಿ ಮಾತ್ರೆ ಇಟ್ಟುಕೊಂಡು ಕೂತಿದ್ದಾಳೆ. ದಾಸೋಹದಲ್ಲಿ ಉಂಡು ಅವಳೆದುರಿಗೇ ನುಂಗಬೇಕು. ಬಸುರಿಯರು, ಎರಡು ವರ್ಷದೊಳಗಿನ ಕೂಸುಗಳು, ತೀರಾ ಕಾಯಿಲೆಯವರು ಬೇಡ. ಉಳಿದ ಯಾರ ವಿಭೂತಿ ಡಬ್ಬಿಗೂ ಮಾತ್ರೆ ಹೋಗಕೂಡದು. ನಾನು ಉಂಡು ಬಂದಿದ್ದೇನೆ, ಮೊದಲನೆಯದು ನನಗೆ.

ನೀರು ಯಾರು ಕೊಡುತ್ತಾರೆ ಗೊತ್ತೇ? ಬೆಳಗ್ಗೆ ಆ ಸಾಹುಕಾರ ಮಠಕ್ಕೆ ಬಂದು, "ಅಪ್ಪಾ, ಹೆಸರು ನೀವು ಹೇಳಬ್ಯಾಡ್ರಿ. ಕಾಲು ನಾನೇ ತೋರಸ್ತೀನಿ" ಅಂದ. ಅಗೋ ನೋಡಿ! ಧೋತ್ರವನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ, ತಂಬಿಗೆ ಹಿಡಿದು, ಮಾತ್ರೆಯ ಟೇಬಲ್ಲಿನ ಪಕ್ಕ ನಿಂತಿದ್ದಾನೆ. ಏಳಿ, ಹೋಗಿ ಅವನ ಕೈಯಿಂದ ನೀರು ಕುಡಿಯಿರಿ. ಆದರೆ ಒಂದು ಮಾತು. ಹತ್ತಿರ ಹೋದವರು ಯಾರೂ ಕಾಲು ಹಿಂದೆ ತೆಗೆಯಬೇಡಿ. ನಿಮ್ಮೆಲ್ಲರ ಪಾಲಿನದನ್ನೂ ನಾನೊಬ್ಬನೇ ತೆಗೆದಿದ್ದೇನೆ, ಅಷ್ಟು ಸಾಕು.