ಮೇಲಿಂದ ಹೊಯ್ದ ನೀರು

ಸಿಂಧನೂರಿನಲ್ಲಿ ಕೂತು ಲಿಂಗಸುಗೂರಿನ ಪಿಸುಮಾತು ಕೇಳುವ ಕಿವಿ ನನ್ನದು. ಹಾಗಿರುವಾಗ ಮಸ್ಕಿ ಬಸ್ ನಿಲ್ದಾಣದಲ್ಲಿ ಬೆನ್ನ ಹಿಂದೆಯೇ ಕೂತ ಇಬ್ಬರು ಗೆಳತಿಯರ ಜಗಳ ತಪ್ಪೀತೆ? ಕಾಲೇಜಿನ ಶಿಬಿರದಲ್ಲಿ ಚೀಟಿ ಎತ್ತಿ ಪಾತ್ರ ಹಂಚಿ ಆಟವಾಡಿಸಿದ್ದರಂತೆ. ಭಾರತಿ ಗೌಡತಿ, ಐಶ್ವರ್ಯ ಅವಳ ಮನೆಯ ಆಳು.

“ಅಷ್ಟು ಮಂದಿ ಮುಂದ ನನ್ನ ಬೊಗಸ್ಯಾಗ ಮ್ಯಾಲಿಂದ ನೀರು ಹೊಯ್ದೆಲ್ಲ, ಭಾರತಿ?”

“ಆಟ ಅದು. ‘ಹೊಯ್ಯಿ, ಹೊಯ್ಯಿ’ ಅಂತ ಎಲ್ಲಾರೂ ಚಪ್ಪಾಳಿ ಹೊಡದ್ರು. ಹೊಯ್ದೆ.”

“ಲೋಟ ಕೊಡಬೇಕಿತ್ತು. ಹಂಗ ಹೊಯ್ಯೂದು ಎಲ್ಲಿ ಕಲ್ತಿ?”

“ನಿಮ್ಮ ಮನ್ಯಾಗ. ನೋಟ್ಸ್ ಒಯ್ಯಾಕ ಬಂದಾಗ ನಿಮ್ಮ ಅಜ್ಜಿ ಕಟ್ಟಿ ಮ್ಯಾಲೆ ನಿಂತು ನನಗ ಹಂಗ ಹೊಯ್ದಿದ್ರು.”

“ಆವತ್ತ ಯಾಕ ಹೇಳ್ಲಿಲ್ಲ?”

“ನೀ ಬಾಜೂಕ ನಿಂತಿದ್ದೆಲ್ಲ.”

“ಮನಿ ಮಂದಿ ಎಲ್ಲಾ ಇದ್ರು ಬೇ. ಏನಂತ ಬಾಯಿ ಬಿಡ್ಲಿ?”

“ಶಿಬಿರದಾಗ ನನಗೂ ಹಂಗ ಆತು.”

ಆ ಮಾತಿಗೆ ನಿಲ್ದಾಣದ ಐನೂರು ಬಸ್ಸುಗಳೂ ಇಂಜಿನ್ ನಿಲ್ಲಿಸಿದವು. ಅಷ್ಟರಲ್ಲಿ ಹಟ್ಟಿ ಬಸ್ ಬಂತು. ಐಶ್ವರ್ಯ ಕಿಟಕಿಯೊಳಗೆ ತನ್ನ ವೇಲ್ ಎಸೆದು ಇಬ್ಬರಿಗೂ ಸೀಟು ಹಿಡಿದಳು.

“ಐತವಾರ ಮನಿಗಿ ಬಾ. ಲೋಟದಾಗ ಕೊಡ್ತೀನಿ.”

“ಅಜ್ಜಿ ಇರ್ತಾರೇನು?”

“ಇರ್ತಾಳ.”

“ಹಂಗಾದ್ರ ಬರ್ತೀನಿ,” ಎಂದು ಭಾರತಿ ಬಸ್ ಹತ್ತಿದಳು.