ಆರು ವರ್ಷದ ಸೊನ್ನೆಗಳು

ಮಾನ್ಯ ಅಧ್ಯಕ್ಷರೇ, ನನ್ನ ಮಗಳಿಗೆ ಮದ್ದು ಕೊಟ್ಟು ಕಾಪಾಡಿದ ಡಾಕ್ಟರೇ, ಮೂರ್ಛೆರೋಗದ ಮಕ್ಕಳನ್ನು ಕೈಹಿಡಿದು ಕರೆತಂದಿರುವ ತಾಯಿತಂದೆಯರೇ, ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುವ ಸಭಿಕರೇ,

ಈ ಆಸ್ಪತ್ರೆಯ ವಾರ್ಷಿಕ ಸಭೆಯಲ್ಲಿ ನನ್ನನ್ನು 'ಮಾದರಿ ತಂದೆ' ಎಂದು ಕರೆದು ಫಲಕ ಕೊಟ್ಟಿದ್ದೀರಿ. ನಾನು ಪಾಲಿಸಿದ ಕ್ರಮಗಳನ್ನು ಹೇಳಬೇಕೆಂದು ಅಧ್ಯಕ್ಷರ ಅಪ್ಪಣೆ. ಹನ್ನೊಂದು ಬರೆದಿದ್ದೆ. ಅವನ್ನು ಓದುವುದಿಲ್ಲ, ಕ್ಷಮಿಸಿ.

ನಾನು ತಕ್ಕಡಿ ರಿಪೇರಿ ಮಾಡುವವನು. ತಟ್ಟೆ ಖಾಲಿ ಇದ್ದಾಗ ಮುಳ್ಳು ಸೊನ್ನೆಗೆ ಬಂದು ನಿಂತರೆ, ಯಂತ್ರ ಸರಿಯಾಯಿತೆಂದು ಮುದ್ರೆ ಒತ್ತುತ್ತೇನೆ. ಮೂವತ್ತು ವರ್ಷದ ಅಭ್ಯಾಸ. ಮಗಳಿಗೂ ಅದನ್ನೇ ಮಾಡಿದೆ. ಹದಿನೇಳನೆಯ ವಯಸ್ಸಿನಲ್ಲಿ ಅವಳು ಮೂರ್ಛೆ ಬಂದು ಒಲೆಯ ಮುಂದೆ ಬಿದ್ದು ಕೈ ಸುಟ್ಟುಕೊಂಡ ದಿನದಿಂದ ಒಂದು ನೋಟ್‌ಬುಕ್ ಇಟ್ಟೆ. ಎಷ್ಟು ಸಲ ಬಿದ್ದಳು, ದಿನಕ್ಕೊಂದು ಸಾಲು. ಮೊದಲ ಮೂರು ವರ್ಷ ಒಂದು, ಎರಡು ಎಂಬ ಅಂಕಿಗಳು; ಆಮೇಲೆ ಆರು ವರ್ಷದಿಂದ ಬರೀ ಸೊನ್ನೆ. ಅದಕ್ಕಿಂತ ಚಂದದ ಬರಹ ಬೇರೆ ಯಾವುದಿದೆ? ಡಾಕ್ಟರು ಹಾಳೆ ತಿರುವಿ ಬೆನ್ನು ತಟ್ಟುತ್ತಿದ್ದರು. ಕಾಯಿಲೆ ಅವಳದು, ಬೆನ್ನು ನನ್ನದು.

ಒಲೆ ಬಿಡಿಸಿದೆ. ಹೊಲಿಗೆ ತರಗತಿ ಬಿಡಿಸಿದೆ. ಬಸ್ಸು ಬಿಡಿಸಿದೆ, ಗೆಳತಿಯ ಮದುವೆಗೂ ಕಳಿಸಲಿಲ್ಲ. ಬಚ್ಚಲಿನ ಚಿಲಕ ಕಿತ್ತು, ಹೊರಗೆ ಕುರ್ಚಿ ಹಾಕಿಕೊಂಡು ಕುಳಿತೆ. "ಇದೀಯೇನಮ್ಮಾ?" ಎಂದು ನಾನು. "ಇದೀನಪ್ಪಾ" ಎಂದು ಅವಳು. ನನ್ನ ತಂಗಿ ಗೇಲಿ ಮಾಡುತ್ತಿದ್ದಳು: "ಏನಣ್ಣಾ, ಇಪ್ಪತ್ತಾರು ವರ್ಷದ ಹುಡುಗಿ ಸ್ನಾನಕ್ಕೆ ಹೋದ್ರೂ ಹಾಜರಿ ತಗೋತೀಯಲ್ಲ, ನೀನೇನು ಮೇಷ್ಟ್ರಾ?" ಎಲ್ಲರೂ ನಗುತ್ತಿದ್ದೆವು. ಮಗಳು ನಗುತ್ತಿದ್ದಳೇ? ನೋಡಿದ ನೆನಪಿಲ್ಲ.

ಕಳೆದ ತಿಂಗಳು ತಪಾಸಣೆಗೆ ಬಂದಾಗ ಹೊಸ ನರ್ಸಮ್ಮ, "ನೀವು ಆಚೆ ಕೂತ್ಕೊಳ್ಳಿ ಯಜಮಾನ್ರೇ" ಎಂದರು.

"ಅವಳ ವಿಷಯ ಎಲ್ಲಾ ನನಗೇ ಗೊತ್ತು ಕಣಮ್ಮಾ."

"ಗೊತ್ತಿದ್ರೆ ಒಳ್ಳೇದೇ. ಆಚೆ ಕೂತ್ಕೊಳ್ಳಿ."

ಅರ್ಧ ಗಂಟೆಯ ಮೇಲೆ ಮಗಳೇ ನನ್ನನ್ನು ಒಳಗೆ ಕರೆಸಿ, ನರ್ಸಮ್ಮ ಕೊಟ್ಟಿದ್ದ ಪ್ರಶ್ನೆಗಳ ಹಾಳೆಯೊಂದನ್ನು ಮುಂದಿಟ್ಟಳು. ಕಳೆದ ಹದಿನಾಲ್ಕು ದಿನಗಳಲ್ಲಿ ಎಷ್ಟು ದಿನ ಬದುಕಿರುವುದೇ ಬೇಡವೆನಿಸಿತು ಎಂಬುದು ಪ್ರಶ್ನೆ. ಅವಳ ದುಂಡನೆಯ ಅಕ್ಷರದಲ್ಲಿ ಉತ್ತರ: ಹದಿನಾಲ್ಕು.

ಸಭಿಕರೇ, ಆ ಹದಿನಾಲ್ಕೂ ದಿನ ನನ್ನ ನೋಟ್‌ಬುಕ್ಕಿನಲ್ಲಿ ಸೊನ್ನೆ ಇದೆ. ತಟ್ಟೆಯ ಮೇಲೆ ಏನನ್ನೂ ಇಡಗೊಡದೆ ಮುದ್ರೆ ಒತ್ತುತ್ತಾ ಬಂದಿದ್ದೆ.

"ನಂಗ್ಯಾಕೆ ಹೇಳ್ಲಿಲ್ಲ?" ಎಂದೆ.

"ನೀನು ಕೇಳ್ತಿದ್ದಿದ್ದು ಬಿದ್ಯಾ ಅಂತ. ಬಿದ್ದಿರ್ಲಿಲ್ಲ."



ಸಭೆಯಲ್ಲಿ ಇದನ್ನು ಹೇಳಲೇ ಎಂದು ಬೆಳಿಗ್ಗೆ ಅವಳನ್ನೇ ಕೇಳಿದೆ. "ಹೇಳು. ಆದ್ರೆ ಹದಿನಾಲ್ಕು ಅಂತಲೇ ಹೇಳು ಅಪ್ಪಾ, ಕಮ್ಮಿ ಮಾಡ್ಬೇಡ" ಎಂದಳು. ಮಾಡಿಲ್ಲ.

ಅವಳೀಗ ಕೆಳಗಿನ ಕೋಣೆಯಲ್ಲಿ ಮನೋವೈದ್ಯರ ಮುಂದೆ ಕುಳಿತಿದ್ದಾಳೆ. ಇದು ಮೂರನೆಯ ಸಲ. ಮುಗಿಯುವ ಹೊತ್ತಾಯಿತು. ಬಾಗಿಲಲ್ಲಿ ಕಾಯಬೇಡ, ಗೇಟಿನ ಹತ್ತಿರ ನಿಲ್ಲು, ಅಲ್ಲಿಯವರೆಗೆ ಒಬ್ಬಳೇ ಬರುತ್ತೇನೆ ಎಂದಿದ್ದಾಳೆ. ಇಲ್ಲಿಂದ ಗೇಟಿಗೆ ಹೋಗಲು ಆ ಬಾಗಿಲನ್ನು ದಾಟಿಯೇ ಹೋಗಬೇಕು. ನಿಲ್ಲದೆ ದಾಟಬೇಕು.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ಉಪಕಾರವಾಯಿತು. ನಮಸ್ಕಾರ.